ವಯಸ್ಕರ ವಿಷಯ: ಆನ್‌ಲೈನ್ ಬಳಗದಲ್ಲಿ ಬಿಡುವುದೇ, ಮುಚ್ಚುವುದೇ?

"ನಮ್ಮ ಗ್ರೂಪಿನಲ್ಲಿ 18+ ವಿಷಯ ಬೇಕೋ ಬೇಡವೋ?" ಎಂದು ಮತಕ್ಕೆ ಹಾಕುವ ಅಡ್ಮಿನ್‌ಗಳು ಎಡವುವುದು ಅಲ್ಲೇ. ಮತ ಹಾಕುವ ಒಬ್ಬರ ತಲೆಯಲ್ಲಿ ಪೋಲಿ ಜೋಕು ಇರುತ್ತದೆ, ಇನ್ನೊಬ್ಬರಿಗೆ ಹೆರಿಗೆಯ ನಂತರದ ದಾಂಪತ್ಯದ ಪ್ರಶ್ನೆ, ಮತ್ತೊಬ್ಬರಿಗೆ ಬೆತ್ತಲೆ ವಿಡಿಯೊ. ಎಲ್ಲರೂ ಒಂದೇ ಗುಂಡಿ ಒತ್ತಿದರೂ ಒಪ್ಪಿದ್ದು ಬೇರೆ ಬೇರೆಗೆ. ಹಾಗಾಗಿ ಹೋಲಿಸುವ ಮುಂಚೆ ಗಂಟು ಬಿಚ್ಚಬೇಕು.

ಬೈಗುಳ, ಪೋಲಿಮಾತು ಒಂದನೆಯ ಬಗೆ. ಲೈಂಗಿಕ ಆರೋಗ್ಯ, ಗರ್ಭನಿರೋಧಕ, ದಾಂಪತ್ಯ, ಲೈಂಗಿಕ ಒಲವು ಇವುಗಳ ಮಾತುಕತೆ ಎರಡನೆಯದು. ಶೃಂಗಾರದ ಕತೆ, ಕವಿತೆ, ಚಿತ್ರಕಲೆ, ಶಿಲ್ಪದ ಫೋಟೊ ಮೂರನೆಯದು. ನಿಜವಾದ ಮನುಷ್ಯರ ನಗ್ನ ಅಥವಾ ಲೈಂಗಿಕ ಫೋಟೊ, ವಿಡಿಯೊ ನಾಲ್ಕನೆಯದು. ನಿಜ ವ್ಯಕ್ತಿಯ ಮುಖ ಅಂಟಿಸಿ ಎಐ ಮಾಡಿಕೊಟ್ಟ ಚಿತ್ರವನ್ನು 'ಕಲೆ' ಎಂದು ಮೂರನೆಯ ಬಗೆಗೆ ತಳ್ಳಲು ಯಾರಾದರೂ ಬಂದೇ ಬರುತ್ತಾರೆ. ಬಿಡಬೇಡಿ, ಅದೂ ನಾಲ್ಕನೆಯದೇ.

ಇವುಗಳಾಚೆ ಇನ್ನೆರಡು ಇವೆ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವಂಥದ್ದು, ಮತ್ತು ಒಪ್ಪಿಗೆಯಿಲ್ಲದೆ ತೆಗೆದ ಅಥವಾ ಹಂಚಿದ ಖಾಸಗಿ ಚಿತ್ರ. ಅವುಗಳ ಬಗ್ಗೆ ಹೋಲಿಕೆಯೂ ಇಲ್ಲ, ಮತದಾನವೂ ಇಲ್ಲ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಸಂಬಳವಿಲ್ಲದ ನಾಲ್ಕೈದು ಜನ ಬಿಡುವಿನಲ್ಲಿ ನಡೆಸುವ ಕನ್ನಡ ಬಳಗಕ್ಕೆ ಎರಡನೆಯ ಮತ್ತು ಮೂರನೆಯ ಬಗೆಯನ್ನು ಗುರುತು ಹಚ್ಚಿ ಬಿಡುವುದು, ನಾಲ್ಕನೆಯದನ್ನು ಪೂರ್ತಿ ಮುಚ್ಚುವುದು ಸರಿಯಾದ ದಾರಿ. ಇದು ಮಡಿವಂತಿಕೆಯ ಮಾತಲ್ಲ. ನಾಲ್ಕನೆಯದಕ್ಕೆ ಅವಕಾಶ ಕೊಟ್ಟರೆ ಹೆಗಲಿಗೇರುವ ಕೆಲಸ ಹವ್ಯಾಸಿಗಳ ಕೈಗೆ ನೀಗುವಂಥದ್ದಲ್ಲ.

ಕಾನೂನಿನ ಗೆರೆ

ಭಾರತದಲ್ಲಿ ಕೂತು ಬಳಗ ನಡೆಸುವವರಿಗೆ ಆಯ್ಕೆಗಳು ನೋಡಲು ಕಾಣುವಷ್ಟು ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 67 ಅಶ್ಲೀಲ ವಸ್ತುವನ್ನು ಪ್ರಕಟಿಸುವುದಕ್ಕೆ, ರವಾನಿಸುವುದಕ್ಕೆ ಮೊದಲ ಬಾರಿಗೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಲೈಂಗಿಕ ಕ್ರಿಯೆಯನ್ನೇ ತೋರಿಸುವ ವಸ್ತುವಾದರೆ ಸೆಕ್ಷನ್ 67ಎ ಅಡಿ 5 ವರ್ಷ, 10 ಲಕ್ಷದವರೆಗೆ ಹೋಗುತ್ತದೆ. 'ರವಾನಿಸುವುದು' ಎಂಬ ಪದವನ್ನು ಗಮನಿಸಿ, ಫಾರ್ವರ್ಡ್ ಒತ್ತುವುದೂ ಅದರಲ್ಲೇ ಬರುತ್ತದೆ. 'ಇಲ್ಲಿರುವವರೆಲ್ಲ ವಯಸ್ಕರೇ' ಎಂಬ ಬೋರ್ಡು ತಗುಲಿಸಿದ ಮಾತ್ರಕ್ಕೆ 67ಎ ಬಿಟ್ಟುಬಿಡುವುದಿಲ್ಲ. ಮಕ್ಕಳ ವಿಷಯದ 67ಬಿ ಇನ್ನೂ ಮುಂದೆ ಹೋಗಿ ಹುಡುಕುವುದನ್ನೂ ಡೌನ್‌ಲೋಡ್ ಮಾಡುವುದನ್ನೂ ಅಪರಾಧ ಎನ್ನುತ್ತದೆ. ಯಾರದೋ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ 66ಇ.

ಬರಹಕ್ಕೆ ಉಸಿರಾಡುವ ಜಾಗ ಇದೆ. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಇರುವ, ಧಾರ್ಮಿಕ ಉದ್ದೇಶಕ್ಕೆ ಪ್ರಾಮಾಣಿಕವಾಗಿ ಬಳಸುವ ವಸ್ತುವಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಶ್ಲೀಲತೆ ಅಳೆಯುವ ಇಂಗ್ಲೆಂಡಿನ ಹಳೆಯ ಅಳತೆಗೋಲನ್ನು ಬದಿಗಿಟ್ಟು, ಇಂದಿನ ಸಮಾಜದ ಸಾಮಾನ್ಯ ಮಾನದಂಡದಲ್ಲಿ ನೋಡಬೇಕು ಎಂದಿತು. 2024ರ ಮಾರ್ಚ್‌ನಲ್ಲಿ ವೆಬ್ ಸರಣಿಯೊಂದರ ಪ್ರಕರಣದಲ್ಲಿ, ಹೊಲಸು ಬೈಗುಳ ಇದ್ದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ ಎಂದಿತು. ಅಂದರೆ ಮೊದಲ ಮೂರು ಬಗೆಗಳಿಗೆ ನೆಲೆ ಇದೆ. ಆದರೂ ಕೆರಳಿಸುವುದೊಂದೇ ಉದ್ದೇಶವಾದ 'ಕತೆ'ಗೆ ಸಾಹಿತ್ಯದ ಕೊಡೆ ಹಿಡಿದರೆ ನೆನೆಯದೆ ಉಳಿಯುತ್ತೀರಿ ಎಂದು ಹೇಳಲಾಗದು.

ಅಡ್ಮಿನ್ ಆದ ಮಾತ್ರಕ್ಕೆ ಜೈಲೇ? ಇಲ್ಲ. ವಾಟ್ಸಾಪ್ ಗ್ರೂಪಿನ ಸದಸ್ಯನೊಬ್ಬ ಮಕ್ಕಳ ಅಶ್ಲೀಲ ವಿಡಿಯೊ ಹಾಕಿದ ಪ್ರಕರಣದಲ್ಲಿ ಅಡ್ಮಿನ್ ಮೇಲಿನ ಕೇಸನ್ನು ಕೇರಳ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ಇನ್ನೊಬ್ಬರ ತಪ್ಪಿಗೆ ಅಡ್ಮಿನ್ ಹೊಣೆಯಾಗಲು ಕಾನೂನಿನಲ್ಲಿ ಆಧಾರವಿಲ್ಲ ಎಂಬುದು ಅದರ ತಿರುಳು. ಆದರೆ ನಿಮ್ಮದೇ ಸರ್ವರ್‌ನಲ್ಲಿ ತಾಣ ನಡೆಸುತ್ತಿದ್ದರೆ ಲೆಕ್ಕ ಬೇರೆ. ಆಗ ಕಾಯ್ದೆಯ ಕಣ್ಣಿಗೆ ನೀವೇ 'ಮಧ್ಯವರ್ತಿ', ಅಂದರೆ ಇತರರು ಹಾಕಿದ್ದನ್ನು ಇಟ್ಟುಕೊಂಡು ತೋರಿಸುವವರು. ಇತರರು ಹಾಕಿದ್ದಕ್ಕೆ ಮಧ್ಯವರ್ತಿ ಹೊಣೆಯಲ್ಲ ಎನ್ನುವ ಸೆಕ್ಷನ್ 79ರ ರಕ್ಷಣೆ ಉಳಿಯಬೇಕಾದರೆ ಕೋರ್ಟಿನ ಅಥವಾ ಸರ್ಕಾರದ ಆದೇಶ ಬಂದಾಗ ತೆಗೆಯಬೇಕು. ತನ್ನ ಖಾಸಗಿ ಚಿತ್ರದ ಬಗ್ಗೆ ವ್ಯಕ್ತಿಯೇ ದೂರು ಕೊಟ್ಟರೆ ಇಳಿಸಲು 2021ರ ಐಟಿ ನಿಯಮಗಳು ಬಂದಾಗ ಇಟ್ಟ ಗಡುವು 24 ಗಂಟೆ. ಎರಡು ಗಂಟೆಯೊಳಗೆ ಇಳಿಸುವಂತೆ ಕೆಲಸ ಜೋಡಿಸಿಕೊಳ್ಳಿ, ಆಗ ನಿಯಮ ಎಷ್ಟು ಬಿಗಿಯಾದರೂ ಓಡಾಡಬೇಕಾಗಿಲ್ಲ.

ಪೂರ್ತಿ ನಿಷೇಧ

ನಿಯಮ ಒಂದೇ ಸಾಲಿನದು, ಆಪ್ ಸ್ಟೋರ್‌ಗೂ ಜಾಹೀರಾತಿನವರಿಗೂ ಖುಷಿ. ಶಾಲಾ ಹಳೆ ವಿದ್ಯಾರ್ಥಿಗಳ ಬಳಗ, ಅಪಾರ್ಟ್‌ಮೆಂಟ್ ಗುಂಪು, ಮಕ್ಕಳೂ ಇರುವ ಕ್ವಿಜ್ ಕೂಟ ಇವುಗಳಿಗೆ ಇದೇ ಸಾಕು, ಮುಂದೆ ಯೋಚಿಸುವ ಅಗತ್ಯವೂ ಇಲ್ಲ.

ಚರ್ಚೆಗಾಗಿಯೇ ಹುಟ್ಟಿದ ಬಳಗಗಳಲ್ಲಿ ಮಾತ್ರ ಇದು ಕಾಣದ ರೀತಿ ಕೆಡುತ್ತದೆ. 2007ರ ಮೇ ತಿಂಗಳಲ್ಲಿ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣ ಸದಸ್ಯರ 'ಆಸಕ್ತಿ' ಪಟ್ಟಿಯಲ್ಲಿದ್ದ ಪದಗಳನ್ನು ನೋಡಿ ಸುಮಾರು 500 ಖಾತೆಗಳನ್ನು ಮುಚ್ಚಿತು. ದೌರ್ಜನ್ಯ ಎಸಗುವವರನ್ನು ಹಿಡಿಯಲು ಬೀಸಿದ ಬಲೆಗೆ ದೌರ್ಜನ್ಯದಿಂದ ಪಾರಾದವರ ಗುಂಪುಗಳೂ ಕತೆ ಬರೆಯುವವರ ಗುಂಪುಗಳೂ ಸಿಕ್ಕಿಬಿದ್ದವು. ಎರಡೂ ಕಡೆ ಪದ ಒಂದೇ, ಪದಕ್ಕೆ ಉದ್ದೇಶ ಗೊತ್ತಿಲ್ಲ. ಕಂಪನಿ ಕ್ಷಮೆ ಕೇಳಿ ಬಹಳಷ್ಟನ್ನು ಮರಳಿ ತೆರೆಯಿತು. ಟಂಬ್ಲರ್ ಎಂಬ ಇನ್ನೊಂದು ಬ್ಲಾಗ್ ತಾಣ 2018ರ ಡಿಸೆಂಬರ್ 3ರಂದು ಘೋಷಿಸಿ 17ರಿಂದ ವಯಸ್ಕರ ಚಿತ್ರಗಳನ್ನು ನಿಷೇಧಿಸಿದಾಗ ಯಂತ್ರ ನಿರುಪದ್ರವಿ ಚಿತ್ರಗಳಿಗೂ ಕೆಂಪು ಗೆರೆ ಎಳೆದು ನಗೆಪಾಟಲಾಯಿತು. 2022ರ ನವೆಂಬರ್‌ನಲ್ಲಿ ಅದೇ ಟಂಬ್ಲರ್ ನಗ್ನತೆಗೆ ಮತ್ತೆ ಜಾಗ ಕೊಟ್ಟಿತು, ನೇರ ಲೈಂಗಿಕ ಕ್ರಿಯೆಗೆ ಮಾತ್ರ ಇಲ್ಲ.

ನಮ್ಮ ಕಡೆಯ ಗುಂಪುಗಳಲ್ಲಿ ನಿಷೇಧ ಹದಗೆಡುವುದು ಇನ್ನೊಂದು ಬಗೆಯಲ್ಲಿ. ಹಿರಿಯರೊಬ್ಬರು ಕಳಿಸಿದ ಹೆಂಡತಿ ಜೋಕಿಗೆ ನಗುವ ಇಮೋಜಿ ಬೀಳುತ್ತದೆ, ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಬಗ್ಗೆ ಕೇಳಿದ ಹುಡುಗಿಗೆ 'ಇದು ಆ ಜಾಗವಲ್ಲ' ಎಂಬ ಉತ್ತರ ಸಿಗುತ್ತದೆ. ನಿಯಮದಲ್ಲಿ 'ಅಶ್ಲೀಲ' ಎಂದಷ್ಟೇ ಬರೆದರೆ ಅದು ಯಾವಾಗಲೂ ದುರ್ಬಲರ ಕಡೆಗೇ ವಾಲುತ್ತದೆ. ಮುಚ್ಚುವುದೇ ಆದರೆ ಬಗೆಯನ್ನು ಹೆಸರು ಹಿಡಿದು ಬರೆಯಿರಿ: 'ಒಂದು, ಮೂರು, ನಾಲ್ಕು ಇಲ್ಲ. ಆರೋಗ್ಯದ ಪ್ರಶ್ನೆಗೆ ಅಡ್ಡಿಯಿಲ್ಲ.'

ಎಲ್ಲಕ್ಕೂ ತೆರೆದ ಬಾಗಿಲು

ಇದನ್ನು ಚಿಕ್ಕದಾಗಿ ಮುಗಿಸಬಹುದು. 67ಎ ಇರುವುದರಿಂದ ಭಾರತದಲ್ಲಿರುವ ಅಡ್ಮಿನ್‌ಗೆ ಇದು ಆಯ್ಕೆಯೇ ಅಲ್ಲ. ಕಾನೂನು ಬಿಡುವ ದೇಶಗಳಲ್ಲಿ ನಡೆಸುವವರನ್ನೂ ದುಡ್ಡಿನ ದಾರಿ ಹಿಡಿದು ನಿಲ್ಲಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕೈಬಿಟ್ಟಾಗ ಪೋರ್ನ್‌ಹಬ್ ಗುರುತು ದೃಢಪಡದ ಖಾತೆಗಳ ಲಕ್ಷಗಟ್ಟಲೆ ವಿಡಿಯೊಗಳನ್ನು ಒಮ್ಮೆಲೇ ತೆಗೆಯಬೇಕಾಯಿತು. 2021ರ ಆಗಸ್ಟ್‌ನಲ್ಲಿ ಓನ್ಲಿಫ್ಯಾನ್ಸ್ ತಾಣ ತನ್ನ ಹೊಟ್ಟೆಪಾಡಾದ ನೇರ ಲೈಂಗಿಕ ವಿಷಯವನ್ನೇ ನಿಷೇಧಿಸುವುದಾಗಿ ಹೇಳಿ, ಒಂದು ವಾರದೊಳಗೆ ಮಾತು ಹಿಂತೆಗೆದುಕೊಂಡಿತು, ಅದಕ್ಕೂ ಬ್ಯಾಂಕುಗಳತ್ತ ಬೆರಳು ತೋರಿಸಿತ್ತು. 2025ರ ಜುಲೈನಲ್ಲಿ ಇಚ್ ಡಾಟ್ ಐಒ ಎಂಬ ಆಟಗಳ ತಾಣ ಪಾವತಿ ಕಂಪನಿಗಳ ಒತ್ತಡಕ್ಕೆ ವಯಸ್ಕರ ಆಟಗಳನ್ನು ಹುಡುಕಾಟದಿಂದ ಮರೆಮಾಡಿತು. ದೇಣಿಗೆಯಿಂದ ಸರ್ವರ್ ಬಾಡಿಗೆ ಕಟ್ಟುವ ಬಳಗ ತಿಳಿಯಬೇಕಾದ್ದು ಇಷ್ಟು: ಹೋಸ್ಟಿಂಗ್ ಕಂಪನಿಯ, ಪೇಮೆಂಟ್ ಗೇಟ್‌ವೇಯ ಷರತ್ತುಗಳಲ್ಲಿ 'ವಯಸ್ಕರ ವಸ್ತು' ಎಂಬ ಸಾಲು ಎಲ್ಲಿದೆ ಎಂದು ನಿಯಮ ಬರೆಯುವ ಮುಂಚೆಯೇ ಓದಿ. ಅಲ್ಲಿ ಬೇಡ ಎಂದಿದ್ದರೆ ನಿಮ್ಮ ನಿಯಮದಲ್ಲಿ ಏನಿದ್ದರೂ ಪ್ರಯೋಜನವಿಲ್ಲ.

ಗುರುತು ಹಚ್ಚಿ ಬಿಡುವುದು

ಲೈವ್‌ಜರ್ನಲ್ ಗಲಾಟೆಯ ಬಿಸಿಯಲ್ಲೇ ರೂಪುಗೊಂಡದ್ದು ಆರ್ಕೈವ್ ಆಫ್ ಅವರ್ ಓನ್. 2009ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದ ಈ ಭಂಡಾರವನ್ನು, ಅಂದರೆ ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರಗಳ ಮೇಲೆ ಬರೆದ ಕತೆಗಳ ತಾಣವನ್ನು, ಸ್ವಯಂಸೇವಕರೇ ನಡೆಸುತ್ತಾರೆ, ಜಾಹೀರಾತು ಇಲ್ಲ. ಅದರ ಉಪಾಯ ಸರಳ. ಏನು ಬರೆಯಬಾರದು ಎಂದು ಪಟ್ಟಿ ಮಾಡುವ ಬದಲು, ಬರೆದದ್ದರ ಮೇಲೆ ಏನಿದೆ ಎಂದು ಲೇಖಕರೇ ಚೀಟಿ ಅಂಟಿಸಬೇಕು. ವಯಸ್ಸಿನ ಮಟ್ಟಕ್ಕೊಂದು ಚೀಟಿ, ಹಿಂಸೆ, ಅತ್ಯಾಚಾರದಂಥ ವಿಷಯಗಳಿಗೆ ಪ್ರತ್ಯೇಕ ಎಚ್ಚರಿಕೆ. ಎಚ್ಚರಿಕೆ ಕೊಡಲು ಇಷ್ಟವಿಲ್ಲದವರಿಗೆ 'ಎಚ್ಚರಿಕೆ ಕೊಟ್ಟಿಲ್ಲ' ಎಂಬ ಚೀಟಿಯೂ ಇದೆ, ಅದನ್ನು ನೋಡಿದ ಓದುಗರು ತಮ್ಮ ಹೊಣೆಯ ಮೇಲೆ ಒಳಗೆ ಹೋಗುತ್ತಾರೆ. ಇದರಿಂದ ನಿರ್ವಾಹಕರ ಕೆಲಸ 'ಇದು ಅಶ್ಲೀಲವೇ?' ಎಂಬ ಕೊನೆಯಿಲ್ಲದ ಜಗಳದಿಂದ 'ಚೀಟಿ ಸರಿ ಇದೆಯೇ?' ಎಂಬ ಚಿಕ್ಕ ಪ್ರಶ್ನೆಗೆ ಇಳಿಯುತ್ತದೆ. ಅದು ಪಠ್ಯವನ್ನೇ ನೆಚ್ಚಿಕೊಂಡ ತಾಣ ಎಂಬುದನ್ನು ಮರೆಯಬೇಡಿ. ಫೋಟೊಗಳಿಗೆ ಇದೇ ಉಪಾಯ ನಡೆಯದು, ಏಕೆಂದರೆ ಚೀಟಿ ಓದಿ ಚಿತ್ರದಲ್ಲಿರುವವರು ಒಪ್ಪಿದ್ದರೇ ಎಂದು ತಿಳಿಯಲಾಗದು.

ಕನ್ನಡ ಬಳಗಕ್ಕೆ ಮೂರು ಚೀಟಿ ಸಾಕು: 'ಆರೋಗ್ಯ', 'ಶೃಂಗಾರ', 'ಹಿಂಸೆಯ ಉಲ್ಲೇಖ'. ಮೊದಲ ಸಾಲಿನಲ್ಲಿ ಚೀಟಿ, ಆಮೇಲೆ ನಾಲ್ಕೈದು ಖಾಲಿ ಸಾಲು ಅಥವಾ ಮರೆಮಾಡುವ ಸೌಲಭ್ಯ, ಆಮೇಲೆ ವಿಷಯ. ಖಾಲಿ ಸಾಲು ಯಾಕೆಂದರೆ ನೋಟಿಫಿಕೇಶನ್‌ನಲ್ಲಿ ಮೊದಲ ಸಾಲುಗಳು ಲಾಕ್ ಆದ ಪರದೆಯ ಮೇಲೂ ಕಾಣುತ್ತವೆ. ಊಟದ ಮನೆಯಲ್ಲಿ ಫೋನು ಮೇಜಿನ ಮೇಲಿರುತ್ತದೆ. ಏಳಕ್ಕಿಂತ ಹೆಚ್ಚು ಚೀಟಿ ಮಾಡಿದರೆ ಯಾರೂ ಹಚ್ಚುವುದಿಲ್ಲ. ತಪ್ಪು ಚೀಟಿಗೆ ಮೊದಲ ಸಲ ತಿದ್ದುಪಡಿ, ಎರಡನೆಯ ಸಲ ಎಚ್ಚರಿಕೆ, ಮೂರನೆಯ ಸಲ ಒಂದು ವಾರ ಮ್ಯೂಟ್ ಎಂದು ಲಿಖಿತವಾಗಿಟ್ಟರೆ ಸಾಕು.

ಈ ಆಯ್ಕೆಯ ನಿಜವಾದ ಅಪಾಯ ಪೋಸ್ಟಿನಲ್ಲಿ ಇಲ್ಲ, ಇನ್‌ಬಾಕ್ಸಿನಲ್ಲಿದೆ. ಹೆಂಗಸೊಬ್ಬರು ಬೀಗ ಹಾಕಿದ ಕೋಣೆಯಲ್ಲಿ, ಅಂದರೆ ಇಂಥ ವಿಷಯಕ್ಕೆಂದೇ ಒಪ್ಪಿಗೆ ಪಡೆದವರಿಗಷ್ಟೇ ತೆರೆಯುವ ವಿಭಾಗದಲ್ಲಿ, ಒಂದು ಪ್ರಶ್ನೆ ಕೇಳುತ್ತಾರೆ, ಹತ್ತು ನಿಮಿಷದಲ್ಲಿ 'ಹಾಯ್ ಡಿಯರ್' ಎಂದು ಖಾಸಗಿ ಸಂದೇಶ ಬರುತ್ತದೆ. ಅವರು ದೂರು ಕೊಡುವುದಿಲ್ಲ, ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ. ತಿಂಗಳಲ್ಲಿ ಕೋಣೆ ಗಂಡಸರದ್ದೇ ಆಗುತ್ತದೆ. ಆದ್ದರಿಂದ ಎರಡು ಏರ್ಪಾಡು ಬೇಕೇ ಬೇಕು. ಪ್ರಶ್ನೆಯನ್ನು ಅಡ್ಮಿನ್ ಮೂಲಕ ಹೆಸರಿಲ್ಲದೆ ಹಾಕುವ ದಾರಿ ಒಂದು. ಕರೆಯದೆ ಕಳಿಸಿದ ಖಾಸಗಿ ಸಂದೇಶಕ್ಕೆ ಎಚ್ಚರಿಕೆಯಿಲ್ಲದೆ ಹೊರಹಾಕುವ ನಿಯಮ ಇನ್ನೊಂದು. ಈ ಎರಡನೆಯದರಲ್ಲಿ ಮೃದುವಾಗಿ ನಡೆದುಕೊಂಡ ಬಳಗ ಉಳಿಯುವುದಿಲ್ಲ.

ಕನ್ನಡಕ್ಕೆ ಜರಡಿ ಹಿಡಿಯುವುದು

ಪದಗಳ ಪಟ್ಟಿ ಕೊಟ್ಟು, ಸಂದೇಶಗಳನ್ನು ತಾನಾಗಿ ಪರೀಕ್ಷಿಸುವ ಬಾಟ್ ಕೂರಿಸಿದರೆ ಕೆಲಸ ಮುಗಿಯಿತು ಎಂದುಕೊಂಡವರು ಕನ್ನಡವನ್ನು ಲೆಕ್ಕಕ್ಕೆ ಹಿಡಿದಿಲ್ಲ. 'ಕಾಮ' ಎಂದು ಪಟ್ಟಿಗೆ ಸೇರಿಸಿ ನೋಡಿ: ಕಾಮಗಾರಿ, ಕಾಮನಬಿಲ್ಲು, ಕಾಮಾಲೆ, ಕಾಮಾಕ್ಷಿ ಎಲ್ಲ ಸಿಕ್ಕಿಬೀಳುತ್ತವೆ, ಕೊನೆಗೆ 'ಕಾಮೆಂಟ್' ಕೂಡ. 'ರತಿ' ಹಾಕಿದರೆ ಭಾರತಿ, ಆರತಿ, ಸರತಿ. 'ಸೂಳೆ' ಹಾಕಿದರೆ ದಾವಣಗೆರೆ ಜಿಲ್ಲೆಯ ಸೂಳೆಕೆರೆಯ ಹೂಳಿನ ಚರ್ಚೆ ನಿಂತುಹೋಗುತ್ತದೆ, 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರೂ ಬರೆಯಲಾಗದು. ಸರಿ, ಇಡೀ ಪದಕ್ಕಷ್ಟೇ ಹೊಂದಿಸೋಣ ಎಂದರೆ ವಿಭಕ್ತಿ ಕಾಲೆಳೆಯುತ್ತದೆ: ಮೂಲ ಪದ ಸಿಗುತ್ತದೆ, ಅದಕ್ಕೆ 'ಗೆ', 'ಯಿಂದ', 'ಯರ' ಸೇರಿದೊಡನೆ ತಪ್ಪಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ ಪದದ ಅಂಚು ಗುರುತಿಸುವ ಚಿಹ್ನೆಗೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ತಿಳಿಯದು, ಹಾಗಾಗಿ ಬಾಟ್ ಬರೆಯುವವರು ಅದನ್ನು ನಂಬಬಾರದು.

ನಡೆಯುವ ಕ್ರಮ ಇದು. ಮೊದಲು ಸಂದೇಶದಿಂದ ಕಣ್ಣಿಗೆ ಕಾಣದ ಶೂನ್ಯ-ಅಗಲದ ಜೋಡಣಾ ಅಕ್ಷರಗಳನ್ನು ತೆಗೆದುಹಾಕಿ, 'ರಾಜ್‌ಕುಮಾರ್' ಥರದ ಪದಗಳಲ್ಲಿ ಅವು ಸಹಜವಾಗಿಯೇ ಇರುತ್ತವೆ, ಜರಡಿ ತಪ್ಪಿಸುವವರೂ ಅವನ್ನೇ ನಡುವೆ ತುರುಕುತ್ತಾರೆ. ನಂತರ ಯೂನಿಕೋಡ್ ಏಕರೂಪಕ್ಕೆ ತನ್ನಿ, ಏಕೆಂದರೆ ೀ, ೇ, ೊ, ೋ ಚಿಹ್ನೆಗಳನ್ನು ಇಡಿಯಾಗಿಯೂ ತುಂಡಾಗಿಯೂ ಕೂಡಿಡಬಹುದು, ಕಣ್ಣಿಗೆ ಎರಡೂ ಒಂದೇ. ಆಮೇಲೆ ಮೂಲಪದಗಳ ಪಟ್ಟಿ, ಅದರ ಪಕ್ಕದಲ್ಲೇ ವಿನಾಯಿತಿಗಳ ಪಟ್ಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡಕ್ಕೆ ಬೇರೆಯೇ ಪಟ್ಟಿ ಬೇಕು. ಅಲ್ಲಿ ಹ್ರಸ್ವ ದೀರ್ಘ ಕಾಣುವುದಿಲ್ಲವಾದ್ದರಿಂದ 'ಕಾಮ'ಕ್ಕೆ ಹಾಕಿದ ಕೊಕ್ಕೆಗೆ ಕಮಲಮ್ಮನೂ ಕಾಮತರೂ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕಿದ್ದನ್ನು ಬಾಟ್ ಅಳಿಸಬಾರದು, ಮನುಷ್ಯ ನೋಡುವವರೆಗೆ ತಡೆದಿಡಬೇಕು.

ಚಿತ್ರ ಗುರುತಿಸುವ ಯಂತ್ರಗಳಿಗೂ ಇದೇ ರೋಗ. ಶ್ರವಣಬೆಳಗೊಳದ ಗೊಮ್ಮಟ, ಬೇಲೂರಿನ ಮದನಿಕೆ, ಹಾಲುಣಿಸುವ ತಾಯಿ ಇವುಗಳ ಚಿತ್ರ ತಪ್ಪಾಗಿ ಸಿಕ್ಕಿಬೀಳುವ ಸಾಧ್ಯತೆ ಇಟ್ಟುಕೊಂಡೇ ನಿಯಮ ಬರೆಯಿರಿ: 'ಶಿಲ್ಪ, ಹಾಲುಣಿಸುವಿಕೆ, ವೈದ್ಯಕೀಯ ರೇಖಾಚಿತ್ರ ನಗ್ನತೆಯ ಲೆಕ್ಕಕ್ಕಿಲ್ಲ.'

ಯಾವ ಜಾಗದಲ್ಲಿ ಯಾವುದು ಸಾಧ್ಯ

ವಾಟ್ಸಾಪ್‌ನಲ್ಲಿ ಬೀಗದ ಕೋಣೆ ಇಲ್ಲ, ವಯಸ್ಸಿನ ತಡೆ ಇಲ್ಲ. ಬಂದ ಚಿತ್ರ ಪ್ರತಿ ಸದಸ್ಯರ ಫೋನಿಗೆ, ಸೆಟ್ಟಿಂಗ್ ಬದಲಿಸದಿದ್ದರೆ ಗ್ಯಾಲರಿಗೂ, ಇಳಿದು ಕೂರುತ್ತದೆ. ಆದ್ದರಿಂದ ಅಲ್ಲಿ ಚಿತ್ರದ ವಿಷಯದಲ್ಲಿ ಪೂರ್ತಿ ನಿಷೇಧವೇ ಸರಿ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿ, ಗ್ರೂಪಿನ ಲಿಂಕನ್ನು ಎಲ್ಲೂ ಬಹಿರಂಗವಾಗಿ ಅಂಟಿಸಬೇಡಿ. ಟೆಲಿಗ್ರಾಂನಲ್ಲಿ ಫೋಟೊ, ವಿಡಿಯೊ, ಲಿಂಕ್ ಕಳಿಸುವ ಹಕ್ಕನ್ನು ಬೇರೆ ಬೇರೆಯಾಗಿ ಮುಚ್ಚಬಹುದು. ಪಠ್ಯಕ್ಕೂ ಚಿತ್ರಕ್ಕೂ ಮುಸುಕು ಹಾಕುವ ಸೌಲಭ್ಯ ಇದೆ. ಹೊಸ ಸದಸ್ಯರಿಗೆ ಮೊದಲ ವಾರ ಪಠ್ಯ ಮಾತ್ರ ಎಂದು ಇಟ್ಟರೆ ನಡುರಾತ್ರಿ ಬಂದು ಅಶ್ಲೀಲ ಸುರಿದು ಹೋಗುವ ಬಾಟ್‌ಗಳ ಕಾಟ ಬಹುಪಾಲು ತಪ್ಪುತ್ತದೆ. ಡಿಸ್ಕಾರ್ಡ್‌ನಲ್ಲಿ ಒಂದೊಂದು ಚಾನೆಲ್‌ಗೂ ವಯೋಮಿತಿ ಹಾಕಬಹುದು, ಗುರುತು ಹಚ್ಚಿ ಬಿಡುವ ಆಯ್ಕೆಗೆ ಸರಿಹೊಂದುವುದು ಇದೇ. ರೆಡಿಟ್‌ನಲ್ಲಿ ಇಡೀ ಸಮುದಾಯವನ್ನು 18+ ಮಾಡಬೇಡಿ, ಹೊಸಬರಿಗೆ ಕಾಣದೆ ಹೋಗುತ್ತೀರಿ. ಪೋಸ್ಟಿಗೊಂದೊಂದು ಗುರುತು ಸಾಕು.

ವಯಸ್ಸು ಪರೀಕ್ಷಿಸುವ ಹುಮ್ಮಸ್ಸಿನಲ್ಲಿ ಆಧಾರ್ ಕಾರ್ಡಿನ ಫೋಟೊ ಕೇಳುವವರಿದ್ದಾರೆ. ಖಂಡಿತ ಬೇಡ. 2025ರಲ್ಲಿ ಡಿಸ್ಕಾರ್ಡ್‌ನ ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೋರಿದವು. ದೊಡ್ಡ ಕಂಪನಿಗೇ ಕಾಯಲಾಗದ್ದನ್ನು ನಿಮ್ಮ ಗೂಗಲ್ ಡ್ರೈವ್ ಕಾಯುವುದಿಲ್ಲ. ವಯಸ್ಸು ಕೇಳುವ ಒಂದು ಪ್ರಶ್ನೆ, ಜೊತೆಗೆ ಪರಿಚಯದ ಒಬ್ಬ ಸದಸ್ಯರ ಭರವಸೆ, ಆಮೇಲೆ ಮಾತಿನ ಧಾಟಿಯಲ್ಲಿ ಸಂಶಯ ಬಂದರೆ ಕೂಡಲೇ ಕೋಣೆಯಿಂದ ಹೊರಗೆ. ಪಠ್ಯ ಮಾತ್ರ ಇರುವ ಕೋಣೆಗೆ ಇಷ್ಟು ಸಾಕು. ಇದಕ್ಕಿಂತ ಗಟ್ಟಿ ಪರೀಕ್ಷೆ ಬೇಕೆನಿಸುವ ವಿಷಯ ಬಿಡುತ್ತಿದ್ದೀರಾದರೆ ಬಿಡುತ್ತಿರುವುದೇ ತಪ್ಪು.

ಬರಬಾರದ್ದು ಬಂದಾಗ

ಯಾವ ಆಯ್ಕೆಯೇ ಇರಲಿ, ಇದು ಒಂದು ದಿನ ಬರುತ್ತದೆ. ಮಕ್ಕಳ ಚಿತ್ರವೆಂದು ಕಂಡರೆ ಡೌನ್‌ಲೋಡ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ, 'ಇದು ನೋಡಿ' ಎಂದು ಇತರ ಅಡ್ಮಿನ್‌ಗಳಿಗೂ ಕಳಿಸಬೇಡಿ, ಒಳ್ಳೆಯ ಉದ್ದೇಶಕ್ಕೂ ಅದು ರವಾನೆಯೇ. ಕಳಿಸಿದ ಖಾತೆಯ ಹೆಸರು ಅಥವಾ ನಂಬರ್, ಸಮಯ, ಸಂದೇಶದ ಲಿಂಕ್ ಇದ್ದರೆ ಅದು, ಇಷ್ಟನ್ನು ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ರಿಪೋರ್ಟ್, ಆಮೇಲೆ ಎಲ್ಲರಿಗೂ ಡಿಲೀಟ್. ಅಳಿಸಿದ ಮೇಲೆ ರಿಪೋರ್ಟ್ ಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು, ಈ ಬಗೆಯ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, 'ಅಳಿಸಿದೆವಲ್ಲ, ಸಾಕು' ಎನ್ನುವಂತಿಲ್ಲ. ಇಂಥದ್ದನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಸದಸ್ಯರಿಗೆ 'ಫೋನಿನ ಗ್ಯಾಲರಿ ನೋಡಿ ಅಳಿಸಿ' ಎಂದು ಚಿತ್ರದ ವಿವರಣೆಯಿಲ್ಲದ ಒಂದು ಸಾಲು ಹಾಕಿ.

ವಯಸ್ಕರೊಬ್ಬರ ಖಾಸಗಿ ಚಿತ್ರ ಸೋರಿದ್ದರೆ 'ನಿಜವಾಗಿಯೂ ನಿಮ್ಮದೇ?' ಎಂದು ಪುರಾವೆ ಕೇಳುತ್ತ ಕೂರಬೇಡಿ. ಇಳಿಸಿ, ಆಮೇಲೆ ಮಾತಾಡಿ. ಸ್ಟಾಪ್ ಎನ್‌ಸಿಐಐ ಎಂಬ ಸೇವೆಯ ಬಗ್ಗೆ ಅವರಿಗೆ ಹೇಳಿ. ಚಿತ್ರ ಅವರ ಫೋನು ಬಿಟ್ಟು ಹೊರಗೆ ಹೋಗದೆ, ಅದರ ಅಂಕಿರೂಪದ ಬೆರಳಚ್ಚು ಮಾತ್ರ ಸೇರಿಕೊಂಡ ಕಂಪನಿಗಳಿಗೆ ತಲುಪುತ್ತದೆ, ಅದೇ ಚಿತ್ರ ಮತ್ತೆ ಏರಿದರೆ ಅವರು ತಡೆಯಬಲ್ಲರು. ಮುಖ ಬೇರೆಯವರದ್ದು, ಮೈ ಎಐ ಮಾಡಿದ್ದು ಎಂಬ ಚಿತ್ರಕ್ಕೂ ಇದೇ ಕ್ರಮ.

ದೂರು ಬಂದ ಚಿತ್ರ ನೋಡಲೇಬೇಕಾದ ಮಾಡರೇಟರ್‌ಗಳು ಚಿಕ್ಕ ಗಾತ್ರದಲ್ಲಿ, ಕಪ್ಪುಬಿಳುಪಿನಲ್ಲಿ, ಸದ್ದು ಮುಚ್ಚಿ ನೋಡಲಿ. ಒಬ್ಬರೇ ವಾರವಿಡೀ ಆ ಸರತಿಯಲ್ಲಿ ಇರುವುದು ಬೇಡ. ಫೇಸ್‌ಬುಕ್ 2020ರಲ್ಲಿ ತನ್ನ ಮಾಡರೇಟರ್‌ಗಳ ಮಾನಸಿಕ ಆಘಾತದ ದಾವೆಯಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು, ಅವರು ಸಂಬಳಕ್ಕಿದ್ದವರು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಎಚ್ಚರವಿರುವ ಒಬ್ಬರಾದರೂ ಸಿಗದಿದ್ದರೆ ಬೀಗದ ಕೋಣೆಯನ್ನು ಆ ಹೊತ್ತು ಓದಲು ಮಾತ್ರ ಎಂದಿಡಿ. ವಿದೇಶದಲ್ಲಿರುವ ಕನ್ನಡಿಗ ಸದಸ್ಯರು ಇಲ್ಲಿ ಒದಗುತ್ತಾರೆ: ನಮ್ಮ ನಡುರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ.

ಒಮ್ಮೆ ಆರಿಸಿದ ನಿಯಮ ಬದಲಿಸುವುದಾದರೆ ಟಂಬ್ಲರ್‌ನ ಎರಡು ವಾರಕ್ಕಿಂತ ಹೆಚ್ಚು ಕೊಡಿ. ಕನಿಷ್ಠ ಮೂವತ್ತು ದಿನ. ಆ ಅವಧಿಯಲ್ಲಿ ಹೊಸ ಪೋಸ್ಟ್ ನಿಲ್ಲಿಸಿ, ಬರೆದವರು ತಮ್ಮದನ್ನು ನಕಲು ಮಾಡಿಕೊಂಡು ಹೋಗಲು ಬಿಡಿ. ಹೆಸರಿಲ್ಲದೆ ಬಂದ ಆರೋಗ್ಯದ ಪ್ರಶ್ನೆಗಳನ್ನು ಮಾತ್ರ ಉತ್ತರಸಹಿತ ಬೇರೆಡೆ ಉಳಿಸಿ, ಮಿಕ್ಕದ್ದರ ಜೊತೆಗೆ ಅಡ್ಮಿನ್ ಫೋನಿನಲ್ಲಿರುವ 'ಯಾರು ಕೇಳಿದ್ದು' ಎಂಬ ಪಟ್ಟಿಯನ್ನೂ ಅಳಿಸಿ.